ಜೋಳಿಗೆಗೆ ಹಾಕಿದ ಕೈ

ನನ್ನ ಆಯುಷ್ಯದಲ್ಲಿ ನಾನು ಗೆದ್ದ ವಾದಗಳು ಕಡಿಮೆ. ಗೆದ್ದ ಒಂದೇ ಒಂದು ದೊಡ್ಡ ವಾದವನ್ನು “ನನಗೆ ಸರಿಯಾಗಿ ನೆನಪಿಲ್ಲ” ಎಂದು ಹೇಳಿ ಗೆದ್ದೆ. ಅದೂ ಸಾಕ್ಷಿಕಟ್ಟೆಯಲ್ಲಿ ನಿಂತು, ಪ್ರಮಾಣ ಮಾಡಿ, ಆರೋಪಿಯಾಗಿದ್ದ ನನ್ನ ಅಪ್ಪನ ಕಣ್ಣೆದುರಿಗೆ.

ಎಪ್ಪತ್ತರ ದಶಕದ ನಡುಭಾಗ. ಇಂಥದ್ದೇ ವರ್ಷ ಎನ್ನಲಾರೆ. ತೀರ್ಪಿನ ನಕಲು ಈಗಲೂ ನನ್ನ ಬಳಿ ಇದೆ, ಆದರೆ ಕೋರ್ಟಿನ ಮೊಹರು ಸರಿಯಾಗಿ ತಾರೀಖಿನ ಮೇಲೇ ಬಿದ್ದಿದೆ. ನಾವು ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದಲ್ಲಿ ನೆಲೆಸಿದ್ದೆವು. ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ನಮ್ಮ ಬೀದಿಯ ಅರ್ಧ ಜನ ಅವರಿಂದ ರೇಖಾಗಣಿತ ಕಲಿತವರು, ಉಳಿದರ್ಧ ಕಿವಿ ಹಿಂಡಿಸಿಕೊಂಡವರು. ನಾನು ಕೆಂಗೇರಿ ಕಡೆ ಹೊಸದಾಗಿ ಎದ್ದಿದ್ದ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಹೋಗಿ ತತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಏನು ಕೇಳಿದರೂ “ಅದಕ್ಕೆ ಆಧಾರ ಏನು?” ಎನ್ನುವ ಚಾಳಿ ಹತ್ತಿತ್ತು. ಅವ್ವ “ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಆಗೈತೇನೋ?” ಎಂದರೆ ರುಚಿ ಎಂಬುದು ವಸ್ತುವಿನಲ್ಲಿದೆಯೋ ನಾಲಿಗೆಯಲ್ಲಿದೆಯೋ ಎಂದು ಶುರು ಮಾಡುತ್ತಿದ್ದೆ. “ಡಬ್ಬಿಯಾಗೆ ಐತೆ, ಎದ್ದು ಹೋಗಿ ತಗಂಡ್ ಬಾ” ಎನ್ನುತ್ತಿದ್ದಳು.

ವರ್ಷಕ್ಕೊಮ್ಮೆ ನಮ್ಮ ಮನೆಗೆ ಒಬ್ಬ ಅಜ್ಜಾರು ಬರುತ್ತಿದ್ದರು. ಮಠವಿಲ್ಲ, ಶಿಷ್ಯರಿಲ್ಲ, ಊರಿಂದ ಊರಿಗೆ ನಡೆದೇ ಹೋಗುವ ಮುದುಕರು. ಅಪ್ಪನ ಅಪ್ಪನ ಕಾಲದಿಂದಲೂ ಬರುತ್ತಿದ್ದರಂತೆ. ಇದಕ್ಕೆ ಆಧಾರ ಕೇಳಿ ಬೈಸಿಕೊಂಡಿದ್ದೇನೆ. ನಾಲ್ಕು ದಿನ ನಡುಮನೆಯಲ್ಲಿ ಮಲಗಿ, ಅವ್ವ ಮಾಡಿದ ರೊಟ್ಟಿ ತಿಂದು, ಆಮೇಲೆ ಜೋಳಿಗೆಯನ್ನು ನಮ್ಮ ಮನೆಯ ಗೂಟಕ್ಕೇ ನೇತುಹಾಕಿ, ಎಂಟು ಹತ್ತು ದಿನ ಎಲ್ಲೆಲ್ಲೋ ತಿರುಗಿ ಬರುತ್ತಿದ್ದರು. ಬಂದು ಜೋಳಿಗೆ ತೆಗೆದುಕೊಂಡು ಉತ್ತರಕ್ಕೆ ಹೊರಡುತ್ತಿದ್ದರು.

ಜೋಳಿಗೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಜೋಳಿಗೆಗೆ ಹಾಕಬೇಕು, ಒಳಗೆ ನೋಡಬಾರದು. ಗೂಟದಿಂದ ತೆಗೆಯುವುದೂ ಇಲ್ಲ, ಕೈ ತಾಗಿಸುವುದೂ ಇಲ್ಲ. ಸುಣ್ಣ ಬಳಿಯುವ ದಿನ ಬಂದರೂ ಗೂಟದ ಸುತ್ತ ಒಂದು ಮೊಳ ಗೋಡೆ ಹಾಗೇ ಬಿಡುತ್ತಿದ್ದರು. ಚಿಕ್ಕವನಿದ್ದಾಗ ಕೇಳಿದ್ದೆ: “ನೋಡಿದ್ರೆ ಏನಾಗುತ್ತೆ?” ಅವ್ವ ಹೇಳಿದ್ದಳು: “ಏನೂ ಆಗಲ್ಲ. ನಾವು ನೋಡಾಕಿಲ್ಲ, ಅಷ್ಟೇ.”

ಎಂ.ಎ. ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕೆ? ಆ ವರ್ಷ ಅಜ್ಜಾರು ಜೋಳಿಗೆ ಬಿಟ್ಟು ಹೋದ ಮೇಲೆ ಒಂದು ಮಧ್ಯಾಹ್ನ, ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಾಗ, ನಾನು ಕೈ ಹಾಕಿದೆ.

ಹಾಕಿದೆ ಎಂದೇ ನನ್ನ ನಂಬಿಕೆ. ಒಂದು ಬಟ್ಟೆಯ ಗಂಟು ಸಿಕ್ಕಿತು, ಒಣಸೊಪ್ಪಿನ ಹಾಗೆ ಗರಗರ ಎಂದಿತು, ಮೂಗಿಗೆ ಒಂದು ಘಾಟು ಬಡಿಯಿತು, ಯಾವುದೋ ನಾಟಿ ಔಷಧಿ ಎಂದುಕೊಂಡೆ. ಅಷ್ಟರಲ್ಲಿ ಮುಂಬಾಗಿಲ ಚಿಲಕದ ಸದ್ದಾಯಿತು. ಕೈ ಎಳೆದುಕೊಂಡು ಪುಸ್ತಕ ಹಿಡಿದು ಕೂತೆ. ಒಳಗೆ ಬಂದವರು ಅಪ್ಪ. ಪುಸ್ತಕ ತಲೆಕೆಳಗಾಗಿತ್ತು ಎಂದು ಸೇರಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಅದು ನಾನು ಆಮೇಲೆ ಕಟ್ಟಿದ್ದಿರಬೇಕು.

ಇದಾಗಿ ಎರಡು ಮೂರು ದಿನಕ್ಕೆ, ಶನಿವಾರ, ಬೆಳಗಿನ ಸ್ಕೂಲು ಮುಗಿಸಿ ಅಪ್ಪ ಮನೆಗೆ ಬಂದು ಷರ್ಟಿನ ಗುಂಡಿ ಬಿಚ್ಚುತ್ತಿದ್ದಾಗ ಪೊಲೀಸರು ಬಂದರು. ಮಾರ್ಕೆಟ್ಟಿನ ಹತ್ತಿರ ಗಾಂಜಾ ಮಾರುವವನೊಬ್ಬ ಸಿಕ್ಕಿಬಿದ್ದಿದ್ದನಂತೆ. ಯಾರಿಗೆ ಕೊಟ್ಟೆ ಎಂದು ಕೇಳಿದಾಗ, ರಾಜಾಜಿನಗರದ ಮೇಷ್ಟರ ಮನೆಯಲ್ಲಿ ಇಳಿದುಕೊಳ್ಳುವ ಸ್ವಾಮಿಗೆ ಎಂದಿದ್ದನಂತೆ. ಸಬ್ ಇನ್ಸ್‌ಪೆಕ್ಟರು ಎದುರುಸಾಲಿನ ಹಿಟ್ಟಿನ ಗಿರಣಿಯವರನ್ನೂ ಮೂಲೆಯ ಸೈಕಲ್ ಷಾಪಿನವನನ್ನೂ ಪಂಚರಾಗಿ ಕರೆಸಿ, ಅವರ ಎದುರಿಗೆ ಮನೆಯೆಲ್ಲ ನೋಡಿ, ಕೊನೆಗೆ ಗೂಟದ ಮುಂದೆ ನಿಂತರು.

“ಮೇಷ್ಟ್ರೇ, ಇದೇನು?”

“ಅಜ್ಜಾರ ಜೋಳಿಗೆ.”

“ತೆಗೀರಿ ಕೆಳಗೆ. ಬಿಚ್ಚಿ ತೋರ್ಸಿ.”

“ನಾನು ಮುಟ್ಟಲ್ಲ.”

“ಯಾಕೆ?”

“ಮುಟ್ಟಲ್ಲ ಸಾರ್. ನೀವು ಬೇಕಾದ್ರೆ ತೆಗೀರಿ.”

ಕಾನ್‌ಸ್ಟೇಬಲ್ ತೆಗೆದ. ವಿಭೂತಿ ಗಟ್ಟಿ, ಒಂದು ಒಣಗಿದ ಸೋರೆ ಬುರುಡೆ, ಮಡಿಸಿದ ಪಂಚೆ, ಒಂದು ಗಂಟು. ಗಂಟು ಬಿಚ್ಚಿದ ಕೂಡಲೇ ಗಿರಣಿಯವರು ಮೂಗು ಮುಚ್ಚಿಕೊಂಡರು. ಕಿರಾಣಿ ಅಂಗಡಿಯ ತಕ್ಕಡಿ ತರಿಸಿ ತೂಗಿದರು, ಅರಗು ಹಾಕಿ ಸೀಲು ಮಾಡಿದರು, ಮಹಜರು ಬರೆದರು. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಚೀಲವನ್ನು ತೆರೆಯುವಂತೆ ಸೂಚಿಸಲಾಗಿ ಆರೋಪಿಯು ಮುಟ್ಟಲು ನಿರಾಕರಿಸಿದನು.’ ಅಪ್ಪ ಓದಿ ನೋಡಿದರು. ಬರೆದದ್ದು ನಿಜವೇ ಆದ್ದರಿಂದ ರುಜು ಹಾಕಿದರು. ಕೆಳಗೆ ಒಂದು ಕಾಗುಣಿತದ ತಪ್ಪನ್ನೂ ತಿದ್ದಿಕೊಟ್ಟರು.

ಭಾನುವಾರ ಮ್ಯಾಜಿಸ್ಟ್ರೇಟರ ಮನೆಗೆ ಕರೆದುಕೊಂಡು ಹೋದರು. ಜಾಮೀನು ಸಿಕ್ಕಿ ಅಪ್ಪ ಹೊರಗೆ ಬಂದದ್ದು ಸೋಮವಾರ ಸಂಜೆ ನಾಲ್ಕಕ್ಕೆ. ಸರ್ಕಾರಿ ನೌಕರ ನಲವತ್ತೆಂಟು ಗಂಟೆಗಿಂತ ಹೆಚ್ಚು ಒಳಗಿದ್ದರೆ ತಾನಾಗಿಯೇ ಸಸ್ಪೆಂಡ್ ಆಗುತ್ತಾನೆ ಎಂಬ ನಿಯಮ ಇದೆ. ಅಪ್ಪ ಕೂಡಿ ಕಳೆದು ಹೇಳಿದರು: “ಮೂರು ಗಂಟೆ ಹೆಚ್ಚಾಯ್ತು.” ಶಿಕ್ಷೆಯಾದರೆ ಕೆಲಸ ಖಂಡಿತ ಹೋಗುತ್ತಿತ್ತು. ಇಪ್ಪತ್ತೆಂಟು ವರ್ಷ ಬೋರ್ಡಿನ ಮುಂದೆ ನಿಂತ ಮನುಷ್ಯ. ಗಾಂಜಾ ಮೇಷ್ಟರು ಎಂಬ ಹೆಸರಿನಲ್ಲಿ ಮನೆಯಲ್ಲಿ ಕೂರಬೇಕಿತ್ತು.

ವಿಷಯ ಅಜ್ಜಾರ ಕಿವಿಗೆ ಬಿತ್ತೋ ಇಲ್ಲವೋ, ಅವರು ತಿರುಗಿ ಬರಲಿಲ್ಲ. ಪೊಲೀಸರು ಹುಡುಕಿದ್ದು ಅಷ್ಟಕ್ಕಷ್ಟೇ.

ನಮ್ಮ ವಕೀಲರು ವಿಜಯನಗರದಲ್ಲಿದ್ದರು. ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಮಾಗಡಿ ರಸ್ತೆ ದಾಟಿ, ಕಲ್ಲು ನೆಟ್ಟ ಖಾಲಿ ಸೈಟುಗಳ ನಡುವೆ ನಾನೂ ಅಪ್ಪನೂ ನಡೆದು ಹೋಗುತ್ತಿದ್ದೆವು. ವಕೀಲರು ದಪ್ಪ ಮನುಷ್ಯ, ಮಾತಿನ ಮಧ್ಯೆ ಚುರುಮುರಿ ತಿನ್ನುತ್ತಿದ್ದರು. ಮಾದಕ ವಸ್ತುಗಳ ಮೇಲೆ ಈಗಿರುವ ಕಠಿಣ ಕಾಯಿದೆ ಆಗಿನ್ನೂ ಬಂದಿರಲಿಲ್ಲ. ನಮ್ಮದು ಅಬಕಾರಿ ಕಾನೂನಿನ ಕೇಸು. ಲೈಸೆನ್ಸಿಲ್ಲದೆ ವಶದಲ್ಲಿಟ್ಟುಕೊಂಡದ್ದು ಅಪರಾಧ.

“ವಶ ಅಂದ್ರೆ ಏನು ಮೇಷ್ಟ್ರೇ? ಎರಡು. ಕೈ, ತಲೆ,” ಎಂದರು ವಕೀಲರು. “ನಿಮ್ಮನೇಲಿ ಸಿಕ್ತು, ಕೈ ಆಯ್ತು. ಒಳಗೇನಿದೆ ಅಂತ ನಿಮಗೆ ಗೊತ್ತಿರ್ಬೇಕು, ಅದು ತಲೆ. ಇವ್ನು ನನ್ನ ಸ್ಕೂಟರ್ ತಗೊಂಡು ಹೋದ ಅನ್ಕೊಳ್ಳಿ. ಡಿಕ್ಕಿಲಿ ನಾನೇನೋ ಕದ್ದ ಮಾಲು ಇಟ್ಟಿದ್ದೆ. ಇವ್ನಿಗೆ ಗೊತ್ತೇ ಇಲ್ಲ. ಕಳ್ಳ ಯಾರು?”

“ನೀವು,” ಎಂದೆ.

“ಎಷ್ಟು ಬೇಗ ಹೇಳ್ಬಿಟ್ಟ ನೋಡಿ!”

“ಹಾಗಾದ್ರೆ ಕೇಸು ಮುಗೀತಲ್ಲ ಸಾರ್?”

“ಎಲ್ಲಿ ಮುಗೀತು ಮರಿ? ಮನೇಲಿ ಸಿಕ್ಕಿದ್ದಕ್ಕೆ ಸರಿಯಾದ ಸಮಜಾಯಿಷಿ ಕೊಡ್ದಿದ್ರೆ, ಗೊತ್ತಿದ್ದೇ ಇಟ್ಕೊಂಡಿದ್ರು ಅಂತ ಕಾನೂನು ಅನ್ಕೊಳುತ್ತೆ. ಅಲ್ಲ ಅಂತ ತೋರ್ಸೋ ಭಾರ ನಮ್ಮ ಮೇಲೆ.”

ಅಪ್ಪನ ಮುಖ ಅರಳಿತು. ಸಸ್ಪೆಂಡ್ ಆದ ಮೇಲೆ ಮೊದಲ ಸಲ. “ಅಂದ್ರೆ, ಅವರ ಊಹೆ ಸರಿ ಅಂತಲೇ ಇಟ್ಕೊಂಡು ಹೋಗಿ, ಅದು ಎಲ್ಲಿ ಮುರಿಯುತ್ತೆ ಅಂತ ತೋರಿಸ್ಬೇಕು. ಎರಡರ ವರ್ಗಮೂಲ ಭಿನ್ನರಾಶಿ ಅಲ್ಲ ಅಂತ ಕ್ಲಾಸಲ್ಲಿ ಸಾಧಿಸ್ತೀವಲ್ಲ, ಹಾಗೆ.”

“ಹಾಗೇ ಅನ್ಕೊಳ್ಳಿ. ಮುರಿಯೋದು ಎಲ್ಲಿ ಅಂದ್ರೆ ಇಲ್ಲಿ,” ಎಂದು ವಕೀಲರು ಮಹಜರಿನ ಆ ಸಾಲಿನ ಮೇಲೆ ಬೆರಳಿಟ್ಟರು. “ಗಾಂಜಾ ಇರೋದು ಗೊತ್ತಿದ್ದಕ್ಕೇ ಮುಟ್ಲಿಲ್ಲ ಅಂತಾರೆ ಅವರು. ಮುಟ್ಟೋ ಪದ್ಧತಿನೇ ಇಲ್ಲ ಅಂತೀವಿ ನಾವು. ಅಂದಹಾಗೆ ಮೇಷ್ಟ್ರೇ, ಆ ಸ್ವಾಮಿ ಸೇದ್ತಿದ್ದ ಅಂತ...”

“ಅಜ್ಜಾರ ಬಗ್ಗೆ ನಾನು ಏನೂ ಹೇಳಲ್ಲ.”

“ಒಳಗೆ ಏನಿತ್ತು ಅಂತ ಗೊತ್ತಿರ್ಲಿಲ್ಲ ಅಂತಾದ್ರೂ ಹೇಳ್ತೀರೋ ಇಲ್ವೋ?”

“ಅದನ್ನ ಹೇಳ್ತೀನಿ. ಅದು ನಿಜ.”

ಅಪ್ಪ ನೀರು ಕುಡಿಯಲು ಒಳಗೆ ಹೋದಾಗ ವಕೀಲರು ನನ್ನ ಕಡೆ ತಿರುಗಿದರು. “ಪದ್ಧತಿಗೆ ಸಾಕ್ಷಿ ನೀನೇ. ನಮ್ಮನೇಲಿ ಯಾರೂ ಯಾವತ್ತೂ ಅದರೊಳಗೆ ನೋಡಿಲ್ಲ ಅಂತ ಒಂದು ಮಾತು ಹೇಳ್ಬಿಡು, ಸಾಕು.”

ನಾನು ಮೇಜಿನ ಮೇಲೆ ಚೆಲ್ಲಿದ್ದ ಚುರುಮುರಿ ಆಯತೊಡಗಿದೆ.

“ಯಾಕೋ? ನೋಡಿದ್ಯಾ?”

“ಗೊತ್ತಿಲ್ಲ ಸಾರ್.”

“ಗೊತ್ತಿಲ್ಲ ಅಂದ್ರೇನೋ? ಕೈ ನಿಂದಲ್ವಾ?”

ಇದ್ದದ್ದನ್ನು ಹೇಳಿದೆ. ಕೈ ಹಾಕಿದ್ದು, ಗಂಟು, ಘಾಟು, ಚಿಲಕ. ಪೊಲೀಸರು ಗಂಟು ಬಿಚ್ಚಿದ್ದನ್ನು ನೋಡಿದ ಮೇಲೆ ನನ್ನ ನೆನಪಿನಲ್ಲಿ ಎರಡೂ ದಿನ ಕಲಸಿಹೋಗಿವೆ ಎಂಬುದನ್ನೂ ಹೇಳಿದೆ. ವಕೀಲರು ಚುರುಮುರಿ ತಟ್ಟೆ ದೂರ ಸರಿಸಿದರು. ನಾನೇ ನನ್ನ ಅಪ್ಪನನ್ನು ಮುಳುಗಿಸಿದೆ ಎಂದುಕೊಂಡೆ.

“ಅಪ್ಪಂಗೆ ಹೇಳಿದ್ಯಾ?”

“ಇಲ್ಲ ಸಾರ್. ಹೇಳಿದ್ರೆ ಮನೆಯಿಂದ ಆಚೆ ಹಾಕೋರು.”

ವಕೀಲರು ಕುರ್ಚಿ ಅಲುಗಾಡುವಂತೆ ನಕ್ಕರು. “ಅಯ್ಯೋ ಮುಂಡೇದೇ, ಇದೇ ಕಣೋ ನಮ್ಮ ಕೇಸು! ಯಾರೂ ನೋಡಿಲ್ಲ ಅಂದ್ರೆ ಯಾರು ನಂಬ್ತಾರೆ? ಎಲ್ಲ ಆರೋಪಿ ಮನೆಯವರೂ ಅದನ್ನೇ ಹೇಳೋದು. ಮಗ ಕದ್ದು ನೋಡಿ ಅಪ್ಪನಿಗೆ ಹೆದರಿ ಬಾಯ್ಮುಚ್ಕೊಂಡ ಅಂದ್ರೆ, ಅಪ್ಪನಿಗೆ ಗೊತ್ತಿರ್ಲಿಲ್ಲ ಅಂತ ತಾನೇ?” ಆಮೇಲೆ ದನಿ ಇಳಿಸಿದರು. “ಆದ್ರೆ ನಿನ್ನ ಮೇಲೂ ತಿರುಗ್ಬಹುದು. ನಿನಗೆ ಗೊತ್ತಿತ್ತಲ್ಲ ಅಂತಾರೆ. ಯೋಚನೆ ಮಾಡು. ಅಪ್ಪಂಗೂ ಅಲ್ಲೇ ಗೊತ್ತಾಗುತ್ತೆ.”

ಪೊಲೀಸರ ಭಯಕ್ಕಿಂತ ಆ ಕೊನೆಯ ಮಾತೇ ನನ್ನನ್ನು ವಾರಗಟ್ಟಲೆ ಕಾಡಿತು. ಮನೆಯಲ್ಲಿ ಅಪ್ಪ ಬೇರೆಯವರ ಮಕ್ಕಳ ಹಳೆಯ ಗಣಿತದ ಪುಸ್ತಕ ತರಿಸಿಕೊಂಡು ಲೆಕ್ಕಗಳನ್ನು ಸುಮ್ಮನೆ ಬಿಡಿಸುತ್ತ ಕೂರುತ್ತಿದ್ದರು. ಗಂಟೆ ಹತ್ತಾದರೆ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕುತ್ತಿದ್ದವು. ನೋಡಿ ನೋಡಿ ನಿರ್ಧಾರ ಮಾಡಿದೆ.

ವಿಚಾರಣೆಯ ದಿನ ಸಾಕ್ಷಿಗಳು ಒಳಗೆ ಕೂರುವಂತಿರಲಿಲ್ಲ. ನಾನು ಹೊರಗೆ ಮರದ ಕೆಳಗಿದ್ದೆ. ಹಾಗಾಗಿ ಗಿರಣಿಯವರು ಹೇಳಿದ್ದನ್ನು ನಾನು ಕೇಳಿಲ್ಲ, ಅವ್ವ ಹೇಳಿದ್ದು. ಸರ್ಕಾರದ ಸಾಕ್ಷಿಯಾಗಿ ಬಂದಿದ್ದ ಅವರನ್ನು ನಮ್ಮ ವಕೀಲರು ಕೇಳಿದರಂತೆ: “ಮೇಷ್ಟ್ರು ಮುಟ್ಟಲ್ಲ ಅಂದಾಗ ಕೈ ಹೇಗಿತ್ತು?”

“ಮುಗ್ದಿದ್ರು ಸಾರ್.”

“ಯಾರಿಗೆ? ಸಬ್ ಇನ್ಸ್‌ಪೆಕ್ಟರಿಗಾ?”

“ಅವ್ರಿಗ್ಯಾಕೆ ಮುಗೀತಾರೆ ಸಾರ್? ಜೋಳ್ಗೇಗೆ.”

ಮಹಜರಿನಲ್ಲಿ ಈ ಮುಗಿದ ಕೈ ಇರಲಿಲ್ಲ. ಅಪ್ಪ ಓದಿ ರುಜು ಹಾಕುವಾಗ ಬರೆದದ್ದರಲ್ಲಿ ತಪ್ಪು ಹುಡುಕಿದರೇ ಹೊರತು ಬಿಟ್ಟುಹೋದದ್ದನ್ನು ನೋಡಲಿಲ್ಲ.

ಆಮೇಲೆ ನನ್ನ ಹೆಸರು ಕೂಗಿದರು. ಕಟಕಟೆಯ ಮರ ಸಾವಿರಾರು ಕೈ ಹಿಡಿದು ನುಣುಪಾಗಿತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ, ಸ್ಕೂಲಿಗೆ ಹೊರಟವರ ಹಾಗೆ ನಿಂತಿದ್ದರು. ನಮ್ಮ ವಕೀಲರ ಪ್ರಶ್ನೆಗಳಿಗೆ ಪದ್ಧತಿಯನ್ನೂ, ನನ್ನ ಕೈಯ ವಿಷಯವನ್ನೂ ಹೇಳಿದೆ. ಅಪ್ಪನ ಕಡೆ ನೋಡಲಿಲ್ಲ. ಸರ್ಕಾರಿ ವಕೀಲರು ಎದ್ದರು.

“ಎಂ.ಎ. ಓದ್ತಾ ಇದೀಯ. ಜೋಳಿಗೆಯೊಳಗೆ ನೋಡಬಾರದು ಅನ್ನೋದನ್ನ ನೀನು ನಂಬ್ತೀಯಾ?”

“ಇಲ್ಲ ಸಾರ್.”

“ಅಂದ್ರೆ ನಿಮ್ಮನೇಲಿ ಅಂಥ ನಿಯಮ ಏನೂ ಇಲ್ಲ.”

“ಇದೆ ಸಾರ್. ಇರೋದಕ್ಕೇ ಅಪ್ಪ ಇಲ್ದಾಗ ನೋಡಿದ್ದು.”

“ಕೈಗೆ ಸಿಕ್ಕಿದ ಗಂಟು ಯಾವ ಬಣ್ಣದ ಬಟ್ಟೇದು?”

ಮೇಜಿನ ಮೇಲೆ ಅರಗಿನ ಸೀಲು ಹಾಕಿದ ಪೊಟ್ಟಣಗಳಿದ್ದವು. ನನ್ನ ಕಣ್ಣ ಮುಂದೆ ಸ್ಪಷ್ಟವಾಗಿ ಹಸಿರು ಬಟ್ಟೆ ಇತ್ತು. ಎಲೆಹಸಿರು, ಅಂಚಿನಲ್ಲಿ ಕಂದು ಕಲೆ. ಬಾಯಿಗೆ ಬಂದಿತ್ತು. ಆದರೆ ತರಗತಿಯಲ್ಲಿ ಎರಡು ವರ್ಷ ಹೊಡೆದಾಡಿದ ಪ್ರಶ್ನೆ ಅಲ್ಲೇ ಎದ್ದು ನಿಂತಿತು: ಇದಕ್ಕೆ ಆಧಾರ ಏನು?

“ಹಸಿರು ಅಂತ ನೆನಪು ಸಾರ್. ಆದ್ರೆ ಸರಿಯಾಗಿ ನೆನಪಿಲ್ಲ. ನಾನು ಕೈ ಹಾಕಿದ ದಿನ ನೋಡಿದ್ದೋ, ಪೊಲೀಸ್ನೋರು ಬಿಚ್ಚಿದ ದಿನ ನೋಡಿದ್ದೋ, ಎರಡೂ ಅಲ್ದೆ ಆಮೇಲೆ ನಾನೇ ಬಳಿದ ಬಣ್ಣವೋ, ಪ್ರಮಾಣ ಮಾಡಿ ಹೇಳೋಕಾಗಲ್ಲ.”

ಸರ್ಕಾರಿ ವಕೀಲರು ಒಂದು ಪೊಟ್ಟಣ ಎತ್ತಿ ಹಿಡಿದರು. ಕಾಗದದ ಹರುಕಿನಿಂದ ಬಟ್ಟೆ ಕಾಣುತ್ತಿತ್ತು. ಬಿಳಿ. ಹಸಿರಿನ ಸುಳಿವೂ ಇಲ್ಲ.

“ಹಾಗಾದ್ರೆ ಕೈ ಹಾಕಿದ್ದೂ ನಿನ್ನ ಕಲ್ಪನೆಯೇ ಇರಬಹುದು?”

“ಇರಬಹುದು ಸಾರ್. ಹೆದರಿದ್ದು ಕಲ್ಪನೆ ಅಲ್ಲ. ಚಿಲಕ ಸದ್ದಾದಾಗ ಪುಸ್ತಕ ಹಿಡಿದು ಕೂತಿದ್ದು ಸರಿಯಾಗಿ ನೆನಪಿದೆ.”

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. “ಯಾರಿಗೆ ಹೆದರಿದ್ದು? ಪೊಲೀಸಿಗಾ?”

“ಅಪ್ಪಂಗೆ ಸಾರ್.”

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಬೆಂಚ್ ಕ್ಲಾರ್ಕ್ ನಕ್ಕರು, ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಬಾಯಿಗೆ ಕೈ ಅಡ್ಡ ಹಿಡಿದ. ನಗದವರು ಇಬ್ಬರೇ, ನಾನು ಮತ್ತು ಅಪ್ಪ.

“ಏನು ಓದ್ತಾ ಇರೋದು?”

“ತತ್ವಶಾಸ್ತ್ರ ಸಾರ್.”

“ಅದಕ್ಕೇ,” ಎಂದು ಮ್ಯಾಜಿಸ್ಟ್ರೇಟರು ಮತ್ತೆ ಬರೆಯತೊಡಗಿದರು.

ತೀರ್ಪು ಬಂದದ್ದು ಒಂದು ತಿಂಗಳ ಮೇಲೆ. ಬಿಡುಗಡೆ. ಆ ನಕಲಿನ ನಾಲ್ಕನೆಯ ಪುಟದಲ್ಲಿ ನಾನು ಕೆಂಪು ಗೆರೆ ಎಳೆದಿಟ್ಟುಕೊಂಡಿರುವ ಸಾಲು ಇದು: ‘ಈ ಸಾಕ್ಷಿಯು ತನಗೆ ನೆನಪಿಲ್ಲದ್ದನ್ನು ನೆನಪಿದೆ ಎಂದು ಹೇಳಿಲ್ಲ, ಆದ್ದರಿಂದ ನೆನಪಿದೆ ಎಂದು ಆತ ಹೇಳಿದ್ದನ್ನು ನಂಬಲು ಅಡ್ಡಿಯಿಲ್ಲ.’ ಮುಂದಿನ ಪುಟದಲ್ಲಿ, ಆರೋಪಿಗೆ ಒಳಗಿನ ವಸ್ತುವಿನ ಅರಿವಿತ್ತು ಎನ್ನಲು ಏನೂ ಇಲ್ಲ, ಕೊಟ್ಟ ಸಮಜಾಯಿಷಿ ಒಪ್ಪತಕ್ಕದ್ದು, ಎಂದಿದೆ. ಹೊರಗೆ ಬಂದ ವಕೀಲರು ನನ್ನ ಬೆನ್ನಿಗೆ ಹೊಡೆದ ಏಟಿಗೆ ಕನ್ನಡಕ ಜಾರಿತು. “ಹಸಿರು ಅಂತ ಗಟ್ಟಿಯಾಗಿ ಹೇಳಿದ್ರೆ ಹೋಗ್ತಿದ್ವಿ ಕಣೋ! ಸುಳ್ಳು ಸಾಕ್ಷಿ ಅಂತ ಅಲ್ಲೇ ಹರಿದು ಹಾಕೋರು!” ಅವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ಸಕ್ಕರೆಯನ್ನು ಎದುರಿಗೆ ಬಂದವರ ಬಾಯಿಗೆಲ್ಲ ಹಾಕಿದಳು. ಸರ್ಕಾರಿ ವಕೀಲರಿಗೂ ಹಾಕಲು ಹೋದಳು. ಅವರು ಕೈಯೊಡ್ಡಿ ಇಸಿದುಕೊಂಡರು.

ಗಾಂಜಾ ನಾಶ ಮಾಡಬೇಕು, ಜೋಳಿಗೆ ಹಿಂದಿರುಗಿಸಬೇಕು ಎಂದು ಆದೇಶವಾಗಿತ್ತು. ಜೋಳಿಗೆ ಕೊಡಲು ಬಂದ ಗುಮಾಸ್ತರಿಗೆ ಅಪ್ಪ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಹೇಳಿದರು: “ಅವನ ಕೈಗೆ ಕೊಡಿ. ಅವನಿಗೆ ಅಭ್ಯಾಸ ಇದೆ.”

ವಿಚಾರಣೆಯ ದಿನದಿಂದ ಅವರು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ಬಸ್ಸಿನಲ್ಲಿ ಜೋಳಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಮಾಗಡಿ ರಸ್ತೆಗೆ ತಿರುಗಿದ ಮೇಲೆ ಅಪ್ಪ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು:

“ನಿಜವಾಗ್ಲೂ ಕೈ ಹಾಕಿದ್ಯಾ?”

“ಗೊತ್ತಿಲ್ಲ ಅಪ್ಪ.”

“ಹಾಕಿದ್ರೆ ತಪ್ಪು. ಕೋರ್ಟಲ್ಲಿ ಹೇಳಿದ್ದು ಸರಿ.” ಬಸ್ಸಿನ ಟಿಕೆಟ್ಟನ್ನು ನಾಲ್ಕಾಗಿ ಮಡಿಸುತ್ತ, “ತಪ್ಪಿಗೆ ಒಂದು ಮಾರ್ಕ್ಸ್ ಕಳೀತೀನಿ. ಉಳಿದದ್ದಕ್ಕೆ ಪೂರ್ತಿ ಕೊಡ್ತೀನಿ,” ಎಂದರು. ಆಮೇಲೆ ನಕ್ಕರು. ನೂರಕ್ಕೆ ತೊಂಬತ್ತೊಂಬತ್ತು! ಹೈಸ್ಕೂಲಿನ ಮೂರು ವರ್ಷ ಅವರದೇ ಕ್ಲಾಸಿನಲ್ಲಿ ಕೂತು ನಾನು ಅರವತ್ತು ದಾಟಿರಲಿಲ್ಲ.

ಜೋಳಿಗೆ ಅದೇ ಗೂಟಕ್ಕೆ ಹೋಯಿತು. ನೇತುಹಾಕಿದವನು ನಾನೇ.

ಕೆಲಸಕ್ಕೆ ಮತ್ತೆ ಸೇರಿಸಿಕೊಂಡ ಆರ್ಡರು ಬಂದ ಮರುದಿನ ಅಪ್ಪ ಹತ್ತು ಗಂಟೆಗೆ ಬದಲು ಒಂಬತ್ತಕ್ಕೇ ಹೊರಟರು. ಬೀದಿಯಲ್ಲಿ ಗಿರಣಿಯವರು ಯಂತ್ರ ನಿಲ್ಲಿಸಿ, ಮೈತುಂಬ ಹಿಟ್ಟಿನೊಡನೆ ಬಾಗಿಲಿಗೆ ಬಂದು “ನಮಸ್ಕಾರ ಮೇಷ್ಟ್ರೇ!” ಎಂದು ಇಡೀ ಬ್ಲಾಕಿಗೆ ಕೇಳುವಂತೆ ಕೂಗಿದರು. ನಾನು ಸ್ಕೂಲಿನ ತನಕ ಹೋದೆ. ಮುಂದಿನದನ್ನು ಕಿಟಕಿಯ ಹೊರಗೆ ನಿಂತು ಕಂಡೆನೋ, ಅಪ್ಪ ಆ ಸಂಜೆ ಅವ್ವನಿಗೆ ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡೆನೋ ಹೇಳಲಾರೆ. ಪ್ರಮಾಣ ಮಾಡು ಎಂದರೆ ಮಾಡುವುದಿಲ್ಲ. ಆದರೆ ಹೀಗಾಯಿತು.

ಅಪ್ಪ ಹತ್ತನೇ ಕ್ಲಾಸಿಗೆ ಹೋಗಿ, ಸೀಮೆಸುಣ್ಣ ತೆಗೆದುಕೊಂಡು, ಹತ್ತಿರಹತ್ತಿರ ಒಂದು ವರ್ಷದ ಮೇಲೆ ಬಂದಿದ್ದೇನೆಂಬ ಪರಿವೆಯೇ ಇಲ್ಲದವರಂತೆ ಬೋರ್ಡಿನ ಕಡೆ ತಿರುಗಿ ಕೇಳಿದರು: “ಶನಿವಾರ ಎಲ್ಲಿಗೆ ನಿಲ್ಲಿಸಿದ್ದೆ?”

ಹುಡುಗರು ಮುಖ ಮುಖ ನೋಡಿಕೊಂಡರು. ಅದು ಬೇರೆಯೇ ಬ್ಯಾಚು, ಅವರಿಗೆ ಅಪ್ಪ ಒಂದು ದಿನವೂ ಪಾಠ ಮಾಡಿರಲಿಲ್ಲ. ಆಗ ಹಿಂದಿನ ಬೆಂಚಿನಿಂದ, ಹೋದ ವರ್ಷ ಫೇಲಾಗಿ ಅಲ್ಲೇ ಉಳಿದಿದ್ದ ನಾಲ್ಕೈದು ಮಂದಿ ಒಟ್ಟಿಗೆ ಎದ್ದು ನಿಂತು, ಸೂರು ಹಾರಿಹೋಗುವ ಹಾಗೆ ಕೂಗಿದರು:

“ಎರಡರ ವರ್ಗಮೂಲ, ಸಾರ್!”